ಗಡ್ಡೆ ಎಲ್ಲಿದೆ ಅಂತ ಮೊದಲು ಕೇಳಿ

ಈಚೆಗೆ ಒಬ್ಬ ಹುಡುಗ ಅಮ್ಮನನ್ನು ಕರೆದುಕೊಂಡು ಬಂದ. ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಕೂರುವ ಮೊದಲೇ ಸ್ಕ್ಯಾನಿಂಗ್ ರಿಪೋರ್ಟ್ ನನ್ನ ಮುಂದಿಟ್ಟ. "6 ಸೆಂಟಿಮೀಟರ್ ಫೈಬ್ರಾಯ್ಡ್ ಮೇಡಂ. ಕಂಪನಿ ಇನ್ಶೂರೆನ್ಸ್ ಇರುವಾಗಲೇ ಗರ್ಭಕೋಶ ತೆಗೆಸಿಬಿಡೋಣ."

ಫೈಬ್ರಾಯ್ಡ್ ಅಂದರೆ ಗರ್ಭಕೋಶದಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ. ನಾನು ಅಮ್ಮನ ಕಡೆ ತಿರುಗಿದೆ. "ನಿಮಗೇನಮ್ಮ ತೊಂದರೆ?"

"ಮಂಡಿ ನೋವು," ಅಂದರು.

ಮುಟ್ಟು ನಿಂತು ಎರಡು ವರ್ಷವಾಗಿದೆ. ಆಮೇಲೆ ಒಂದು ಹನಿ ರಕ್ತ ಕಂಡಿಲ್ಲ. ಹೆಲ್ತ್ ಚೆಕಪ್‌ನಲ್ಲಿ ಗಡ್ಡೆ ಕಾಣಿಸಿದೆ, ಅಷ್ಟೇ. ಹಳೆಯ ರಿಪೋರ್ಟಿನಲ್ಲೂ ಇದೇ ಅಳತೆ. ಸದ್ಯಕ್ಕೆ ಆಪರೇಷನ್ ಬೇಡ, ಆರು ತಿಂಗಳು ಬಿಟ್ಟು ಇನ್ನೊಮ್ಮೆ ಸ್ಕ್ಯಾನ್ ಮಾಡೋಣ ಅಂದೆ. ಹುಡುಗನಿಗೆ ಸಮಾಧಾನವಾಗಲಿಲ್ಲ.

ಎಲ್ಲರೂ ಕೇಳುವುದು ಅಳತೆ. ಎಲ್ಲಿದೆ ಅಂತ ಕೇಳುವವರು ಬಹಳ ಕಮ್ಮಿ. ಗರ್ಭಕೋಶವನ್ನು ತಲೆಕೆಳಗಾಗಿ ಹಿಡಿದ ಮರಸೇಬು ಅಂದುಕೊಳ್ಳಿ. ಗಡ್ಡೆ ಅದರ ಹೊರಮೈಯಲ್ಲಿ ಬೆಳೆದರೆ ಮುಟ್ಟಿನ ಮೇಲೆ ಸಾಮಾನ್ಯವಾಗಿ ಪರಿಣಾಮ ಇರುವುದಿಲ್ಲ. ಗೋಡೆಯ ನಡುವೆ ಇದ್ದರೆ ಇರಬಹುದು, ಇಲ್ಲದಿರಬಹುದು. ಒಳಪೊರೆಯ ಕೆಳಗಿಂದ ಉಬ್ಬಿ ಒಳಗಿನ ಜಾಗಕ್ಕೆ ಚಾಚಿಕೊಂಡರೆ ಮಾತ್ರ ಚಿಕ್ಕದೂ ಬಿಡುವುದಿಲ್ಲ, ನಲ್ಲಿ ಬಿಟ್ಟಂತೆ ರಕ್ತ ಹೋಗಬಹುದು. ಅಂಗಳದಲ್ಲಿ ಗುಂಡುಕಲ್ಲು ಇದ್ದರೂ ಓಡಾಡಬಹುದು. ಚಪ್ಪಲಿಯೊಳಗೆ ಒಂದು ಹರಳು ಸೇರಿದರೆ ಹೆಜ್ಜೆ ಇಡೋಕಾಗಲ್ಲ, ಅಲ್ವಾ?

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಒಬ್ಬಳು ನಾದಿನಿ ಜೊತೆ ಬಂದಿದ್ದಳು. ವಯಸ್ಸು 34. ಗಡ್ಡೆ ಬರೀ 2 ಸೆಂಟಿಮೀಟರ್. "ಚಿಕ್ಕದು, ಏನೂ ಆಗಲ್ಲ" ಅಂತ ಎರಡು ಕಡೆ ಹೇಳಿ ಕಳಿಸಿದ್ದರು. ಕೆಳಗಿನ ರೆಪ್ಪೆ ಎಳೆದು ನೋಡಿದೆ, ಕಾಗದದ ಹಾಗೆ ಬಿಳಿ. ಹಿಮೋಗ್ಲೋಬಿನ್ 6. ಬ್ಯಾಗಿನಿಂದ ರಿಪೋರ್ಟ್ ತೆಗೆಯುವಾಗ ಪ್ಲಾಸ್ಟಿಕ್ ಕವರ್ ಒಂದು ಕೆಳಗೆ ಬಿತ್ತು. ಹಸಿ ಅಕ್ಕಿ. ದಿನವಿಡೀ ಬಾಯಿಗೆ ಹಾಕಿಕೊಳ್ಳುತ್ತಿದ್ದಳಂತೆ. ನಾಚಿಕೆಯಿಂದ ತಲೆ ತಗ್ಗಿಸಿದಳು. ರಕ್ತ ಕಮ್ಮಿಯಾದವರಿಗೆ ಅಕ್ಕಿ, ಮಣ್ಣು, ಸೀಮೆಸುಣ್ಣ ತಿನ್ನುವ ಆಸೆ ಆಗುವುದುಂಟು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ತಾಯಿ ಅಂದೆ. ಮೊದಲು ಡ್ರಿಪ್‌ನಲ್ಲಿ ಕಬ್ಬಿಣಾಂಶ ಕೊಟ್ಟೆವು. ಆಮೇಲೆ ಯೋನಿಯ ದಾರಿಯಲ್ಲೇ ಕ್ಯಾಮೆರಾ ಹಾಕಿ ಗಡ್ಡೆ ತೆಗೆದೆವು. ಹೊಟ್ಟೆಗೆ ಒಂದು ಗಾಯವೂ ಇಲ್ಲ. ಮಾರನೆಯ ದಿನ ಮನೆಗೆ ಹೋದಳು, ಗರ್ಭಕೋಶದ ಸಮೇತ.

ಎಲ್ಲರಿಗೂ ಇಷ್ಟು ಸುಲಭವಲ್ಲ. ಗೋಡೆಯೊಳಗಿನ ಗಡ್ಡೆಗೆ ಲ್ಯಾಪರೊಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್, ಬೇಕಾಗಬಹುದು, ಕೆಲವೊಮ್ಮೆ ಹೊಟ್ಟೆ ಕುಯ್ಯಬೇಕಾಗುತ್ತದೆ. ಬರೀ ಗಡ್ಡೆ ತೆಗೆದರೆ ಮುಂದೆ ಹೊಸದು ಬರಬಹುದು. ಗೋಡೆ ಆಳವಾಗಿ ಹೊಲಿದಿದ್ದರೆ ಮುಂದಿನ ಹೆರಿಗೆ ಸಿಸೇರಿಯನ್ ಆಗುವ ಸಾಧ್ಯತೆ ಜಾಸ್ತಿ. ಗರ್ಭಕೋಶವನ್ನೇ ತೆಗೆಯುವುದು ಸರಿಯಾದ ದಾರಿ ಆಗಿರುವವರೂ ಇದ್ದಾರೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಅಥವಾ ಗಡ್ಡೆ ಬೆಳೆಯತೊಡಗಿದರೆ ಒಂದು ದಿನವೂ ತಡ ಮಾಡದೆ ಬನ್ನಿ.

ಆದರೆ "ಮಕ್ಕಳಾಯ್ತಲ್ಲ, ಇನ್ಯಾಕೆ ಅದು" ಅನ್ನೋದು ಕಾರಣವೇ ಅಲ್ಲ. ಸುಮ್ನೆ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಸರ್ಕಾರ ಮಾರ್ಗಸೂಚಿ ಮಾಡಿದೆ. ರಾಜ್ಯಗಳು ಅದನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಬರುವಾಗ ಹಳೆಯ ರಿಪೋರ್ಟುಗಳನ್ನೂ ತನ್ನಿ. ಮೂರು ತಿಂಗಳ ಮುಟ್ಟಿನ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ದಿನಕ್ಕೆ ಎಷ್ಟು ಪ್ಯಾಡ್ ಬದಲಾಯಿಸಿದಿರಿ ಅಂತ ಪಕ್ಕದಲ್ಲೇ ಬರೆದಿಡಿ. ಯಾರ ಹೊಟ್ಟೆಯಲ್ಲಿ ಗಡ್ಡೆ ಇದೆಯೋ ಅವರೇ ಮಾತಾಡಲಿ.