ಮಲೆನಾಡಿನ ಅಂಗಳಕ್ಕೆ ಪರಿಮಳದ ಪುಟ್ಟ ಮರಗಳು

ಹೂವಿನ ಮರ ಆರಿಸುವಾಗ ಎಲ್ಲರೂ ಹೂವು ನೋಡುತ್ತಾರೆ. ಮಲೆನಾಡಿನಲ್ಲಿ ಮೊದಲು ಯೋಚಿಸಬೇಕಾದ್ದು ಬೇರಿನ ಬಗ್ಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಒಂದೇ ಜಿಲ್ಲೆಯಾದರೂ ಎರಡೂ ಕಡೆಗೆ ಒಂದೇ ಲೆಕ್ಕ ಹೊಂದುವುದಿಲ್ಲ.

ಜಂಬಿಟ್ಟಿಗೆ ನೆಲದಲ್ಲಿ ಎರಡಡಿ ಗುಂಡಿ ತೆಗೆದು ಸಡಿಲ ಮಣ್ಣು ತುಂಬಿದರೆ, ಸುತ್ತಲಿನ ಗಟ್ಟಿ ಪದರ ನೀರು ಇಂಗಗೊಡದೆ ಜುಲೈ ಹೊತ್ತಿಗೆ ಗುಂಡಿಯೇ ತೊಟ್ಟಿಯಾಗುತ್ತದೆ. ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ಆಮ್ಲಜನಕ ನೀರಿನಲ್ಲಿ ಹರಡುತ್ತದೆ. ಹಾಗಾಗಿ ಬೇರಿಗೆ ಉಸಿರುಕಟ್ಟುತ್ತದೆ. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ರೋಗಾಣುವಿನ ಬಳಗದವೇ ನಿಂತ ನೀರಿನಲ್ಲಿ ಈಜಿ ಬಂದು ಬೇರನ್ನೂ ಹಿಡಿಯುತ್ತವೆ. ಏಪ್ರಿಲ್‌ನಲ್ಲೇ ಗುಂಡಿ ತೆಗೆದು ನೀರು ತುಂಬಿಸಿ, ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸಿ. ಮರುದಿನವೂ ನೀರು ನಿಂತಿದ್ದರೆ ಆ ಗುಂಡಿಯ ಆಸೆ ಬಿಡಿ. ನಾಲ್ಕಡಿ ಅಗಲ, ಒಂದೂವರೆ ಅಡಿ ಎತ್ತರದ ದಿಬ್ಬ ಕಟ್ಟಿ, ಮೇಲ್ಮಣ್ಣಿಗೆ ಒಂದು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ, ಅದರ ಮೇಲೆ ನೆಡಿ. ದರಗು ಹೊದಿಸುವಾಗ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಬೇಕು.

ಒಂದೇ ಮರಕ್ಕೆ ಜಾಗವಿದ್ದರೆ ಪಾರಿಜಾತ. ಸಂಜೆ ಅರಳಿ ಬೆಳಗಾಗುವಷ್ಟರಲ್ಲಿ ಉದುರುತ್ತದೆ. ಇರುಳಲ್ಲಿ ಅರಳುವ ಇಂಥ ಹೂಗಳ ಬಿಳುಪೂ ಕಂಪೂ ಕತ್ತಲಲ್ಲಿ ಹಾರುವ ಪತಂಗಗಳಿಗಾಗಿ. ಉದುರಿದ ಹೂವೊಂದನ್ನು ತಿರುವಿ ನೋಡಿ: ಆ ಕೇಸರಿ ತೊಟ್ಟಿನ ಬಣ್ಣ ನಿಜವಾದ ಕೇಸರಿಯ ಬಣ್ಣದ ಸಂಬಂಧಿ, ಹಿಂದೆ ಅದರಿಂದ ರೇಷ್ಮೆಗೆ ಬಣ್ಣ ಕಟ್ಟುತ್ತಿದ್ದರು. ಮಳೆಗಾಲದ ಕೊನೆಯಿಂದ ಚಳಿಯವರೆಗೆ ಹೂವಿನ ಸುಗ್ಗಿ, ಆಗ ಬೀಸುವುದು ಹೆಚ್ಚಾಗಿ ಮೂಡುಗಾಳಿ. ಆದ್ದರಿಂದ ಜಗುಲಿಯ ಮೂಡಲು ದಿಕ್ಕಿಗೆ ನೆಟ್ಟರೆ ಪರಿಮಳ ಮನೆಯೊಳಗೇ ಬರುತ್ತದೆ. ಅರ್ಧ ದಿನದ ಬಿಸಿಲಾದರೂ ಬೇಕು. ಅಡಿಕೆ ತೋಟದ ನೆರಳಿನಲ್ಲಿ ಸೊಪ್ಪು ಹೆಚ್ಚಿ ಹೂ ಕಡಿಮೆಯಾಗುತ್ತದೆ. ಮೊಗ್ಗು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಹಾಗಾಗಿ ಸವರುವುದಿದ್ದರೆ ಹೂವು ಮುಗಿದ ಮೇಲೆ, ಫೆಬ್ರವರಿ ಸುಮಾರಿಗೆ. ಆಗಸ್ಟಿನಲ್ಲಿ ಕತ್ತಿ ಹಾಕಿದರೆ ಆ ವರ್ಷದ ಹೂವು ಕೈಬಿಟ್ಟಂತೆ.

ದೇವಕಣಗಿಲೆ ಬಯಲುಸೀಮೆಗೆ ಹತ್ತಿರದ ಪೇಟೆ ಅಂಗಳಕ್ಕೆ ಚೆನ್ನ. ತೀರ್ಥಹಳ್ಳಿ, ಹೊಸನಗರದ ಕಡೆ ದಿಬ್ಬವಿಲ್ಲದೆ ನೆಡಬಾರದು. ಒಂದಡಿ ರೆಂಬೆಯನ್ನು ಬೇಸಿಗೆಯಲ್ಲಿ ಕತ್ತರಿಸಿ, ಹಾಲು ಒಣಗಿ ಗಾಯ ಮಾಯಲು ಒಂದು ವಾರ ನೆರಳಲ್ಲಿಟ್ಟು, ಅರ್ಧ ಮರಳು ಬೆರೆಸಿದ ಮಣ್ಣಲ್ಲಿ ಊರಬೇಕು. ಹಸಿ ಗಾಯದೊಂದಿಗೆ ಊರಿ ದಿನಾ ನೀರು ಹೊಯ್ದರೆ ಬುಡ ಮೆತ್ತಗಾಗಿ ಕೊಳೆಯುತ್ತದೆ. ಎಲೆಯಡಿ ಕಿತ್ತಳೆ ಪುಡಿ ಕಂಡರೆ ತುಕ್ಕು ರೋಗ, ಉದುರಿದ ಎಲೆ ಗುಡಿಸಿ ಸುಡಿ. ಚಳಿಯಲ್ಲಿ ಎಲೆ ಪೂರ್ತಿ ಉದುರುವುದು ಮಾತ್ರ ರೋಗವಲ್ಲ.

ಗಂಧರಾಜ ಮರವಲ್ಲ, ದೊಡ್ಡ ಪೊದೆ. ಆದರೂ ಇಲ್ಲಿನ ಹುಳಿಮಣ್ಣು ಅದಕ್ಕೆಂದೇ ಇದ್ದಂತಿದೆ. ಹೊಸ ಮನೆಯ ಗೋಡೆ ಪಕ್ಕ ನೆಟ್ಟಾಗ ನರ ಹಸಿರಾಗಿ ಉಳಿದು ಎಲೆ ಹಳದಿಯಾದರೆ ಗೊಬ್ಬರ ಸುರಿಯಬೇಡಿ, ಬುಡ ಕೆದಕಿ ನೋಡಿ. ಹೂತುಹೋದ ಗಾರೆ, ಸಿಮೆಂಟು ಮಣ್ಣನ್ನು ಕ್ಷಾರವಾಗಿಸಿ ಬೇರಿಗೆ ಕಬ್ಬಿಣ ದಕ್ಕದಂತೆ ಮಾಡಿರುತ್ತದೆ.

ಬಕುಳ ನಿಧಾನ, ಆದರೆ ಒಣಗಿದರೂ ಕಂಪು ಬಿಡದ ಹೂವು, ತಾಳ್ಮೆಯಿದ್ದವರು ನೆಡಲೇಬೇಕು. ಕಸಿ ಸಂಪಿಗೆ ಎರಡು-ಮೂರು ವರ್ಷಕ್ಕೆ ಹೂ ಬಿಟ್ಟರೂ ಗಿಡ್ಡ ಮರವಲ್ಲ, ವರ್ಷವರ್ಷ ಸವರದಿದ್ದರೆ ಮಾಡು ದಾಟುತ್ತದೆ. ಆಕಾಶಮಲ್ಲಿಗೆಯ ರೆಂಬೆ ಗಾಳಿಗೆ ಮುರಿಯುತ್ತದೆ, ಹಂಚಿನ ಮನೆಯ ಹತ್ತಿರ ಬೇಡ.

ಮಧುಕಾಮಿನಿ ಮನಸೆಳೆಯುವ ಗಿಡ, ಆದರೆ ಹಿತ್ತಲಲ್ಲಿ ನಿಂಬೆ, ಕಂಚಿ ಇದ್ದವರು ಎಚ್ಚರ ವಹಿಸಬೇಕು. ನಿಂಬೆಯ ಕುಟುಂಬದ್ದೇ ಆದ ಇದರ ಎಳೆಚಿಗುರೆಂದರೆ ಸಿಲ್ಲಿಡ್ ಎಂಬ ಪುಟ್ಟ ಕೀಟಕ್ಕೆ ಪ್ರಾಣ. ನಿಂಬೆ, ಕಿತ್ತಳೆಯನ್ನು ಸೊರಗಿಸಿ ಕೊಲ್ಲುವ ಗ್ರೀನಿಂಗ್ ರೋಗ ಹರಡುವುದು ಅದೇ ಕೀಟ. ಚಿಗುರಿನ ಸಂದಿಯಲ್ಲಿ ಹಳದಿ ಮರಿಗಳೂ ಅವು ಬಿಡುವ ಬಿಳಿ ಮೇಣದ ಎಳೆಗಳೂ ಕಂಡರೆ ಆ ಚಿಗುರನ್ನು ಕೂಡಲೇ ಚಿವುಟಿ ಬೇವಿನೆಣ್ಣೆ ಸಿಂಪಡಿಸಿ.