ಒಣಗಿತೇ, ಇಲ್ಲವೇ? ಡಿಹೈಡ್ರೇಟರ್ ಕುರಿತು ಒಂದು ಅಧ್ಯಯನ ಟಿಪ್ಪಣಿ

ಡಿಹೈಡ್ರೇಟರ್ ಎಂದರೆ ಬಿಸಿ ಗಾಳಿಯಲ್ಲಿ ಹಣ್ಣು, ತರಕಾರಿ ಒಣಗಿಸುವ ಯಂತ್ರ. ಅದರಲ್ಲಿ ಮೊದಲ ಸಲ ಸೇಬು ಒಣಗಿಸಿದಾಗ ಯಂತ್ರದ ಜೊತೆ ಬಂದ ಕೈಪಿಡಿಯಲ್ಲಿ ‘6ರಿಂದ 12 ಗಂಟೆ’ ಎಂದಿತ್ತು. ಆರಕ್ಕೂ ಹನ್ನೆರಡಕ್ಕೂ ನಡುವೆ ಒಂದು ಇಡೀ ರಾತ್ರಿಯ ನಿದ್ದೆಯಿದೆ. ಬೇಗ ಮುಗಿಯಲಿ ಎಂದು 70 ಡಿಗ್ರಿಗೆ ತಿರುಗಿಸಿ, ಎಂಟು ಗಂಟೆ ಓಡಿಸಿ ನಿಲ್ಲಿಸಿದೆ. ಹೋಳುಗಳು ಮುಟ್ಟಿದರೆ ಗಟ್ಟಿಯಾಗಿದ್ದವು, ಡಬ್ಬಿಗೆ ತುಂಬಿದೆ. ಒಂದು ವಾರ ಕಳೆಯುವಷ್ಟರಲ್ಲಿ ಡಬ್ಬಿಯ ತಳದಲ್ಲಿ ಬೂಷ್ಟು. ಈ ಟಿಪ್ಪಣಿ ಬರೆದುಕೊಂಡದ್ದು ಆ ಡಬ್ಬಿಯನ್ನು ತೊಳೆದ ಮೇಲೆ. ಆದ್ದರಿಂದ ಇದರಲ್ಲಿ ಸುತ್ತಿ ಸುತ್ತಿ ಬರುವ ಪ್ರಶ್ನೆ ಒಂದೇ: ಒಣಗಿದೆ ಎಂದು ಖಚಿತವಾಗಿ ತಿಳಿಯುವುದು ಹೇಗೆ?

ಎಷ್ಟು ನೀರು ಹೋಗಬೇಕು

ಡಿಹೈಡ್ರೇಟರ್‌ನ ಬಿಸಿ ಸೂಕ್ಷ್ಮಜೀವಿಗಳನ್ನೆಲ್ಲ ಕೊಂದುಬಿಡುತ್ತದೆ ಎಂದು ನಾನು ತಿಳಿದಿದ್ದೆ. ಹಾಗಿಲ್ಲ. ಅನೇಕವು ಬದುಕಿಯೇ ಇರುತ್ತವೆ, ಆದರೆ ಅವು ಬೆಳೆಯಲು ಬೇಕಾದ ನೀರು ಸಿಗುವುದಿಲ್ಲ. ಈ ‘ಸಿಗುವ ನೀರ’ನ್ನು ಅಳೆಯುವ ಮಾಪನಕ್ಕೆ ವಾಟರ್ ಆ್ಯಕ್ಟಿವಿಟಿ ಎಂದು ಹೆಸರು, ಸೊನ್ನೆಯಿಂದ ಒಂದರವರೆಗಿನ ಸಂಖ್ಯೆ. ಶುದ್ಧ ನೀರಿನದು 1. ಸುಮಾರು 0.91ಕ್ಕಿಂತ ಕೆಳಗೆ ಬಹುತೇಕ ಬ್ಯಾಕ್ಟೀರಿಯಾಗಳು ಬೆಳೆಯುವುದಿಲ್ಲ, 0.80ಕ್ಕಿಂತ ಕೆಳಗೆ ಸಾಮಾನ್ಯ ಬೂಷ್ಟುಗಳಲ್ಲಿ ಹೆಚ್ಚಿನವು ನಿಲ್ಲುತ್ತವೆ, 0.60ಕ್ಕಿಂತ ಕೆಳಗೆ ಯಾವುದೂ ಬೆಳೆಯದು.

ಒಣದ್ರಾಕ್ಷಿ ಮೆತ್ತಗಿದ್ದರೂ ಕೆಡುವುದಿಲ್ಲ, ಮೆತ್ತಗಿನ ಒಣ ಕ್ಯಾರೆಟ್ ಮಾತ್ರ ಕೆಡುತ್ತದೆ. ಈ ತಾರತಮ್ಯಕ್ಕೆ ಕಾರಣ ಸಕ್ಕರೆ. ಹಣ್ಣಿನ ಸಕ್ಕರೆ ಉಳಿದ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಸೂಕ್ಷ್ಮಜೀವಿಗಳಿಗೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ಹಣ್ಣಿಗೆ ಸುಮಾರು ಶೇ 20 ತೇವಾಂಶ ಉಳಿದರೆ ಸಾಕು. ತರಕಾರಿಯನ್ನು ಶೇ 10ಕ್ಕೆ ಇಳಿಸಲೇಬೇಕು. ಹಣ್ಣು ಬಾಗಬಹುದು, ತರಕಾರಿ ಪಟ್ಟನೆ ಮುರಿಯಬೇಕು.

ಗಾಳಿಯ ಕೆಲಸ

25 ಡಿಗ್ರಿ ಸೆಲ್ಸಿಯಸ್‌ನ, ಶೇ 70 ಆರ್ದ್ರತೆಯ ಗಾಳಿಯನ್ನು ಹಾಗೆಯೇ 60 ಡಿಗ್ರಿಗೆ ಕಾಯಿಸಿ. ಅದರಲ್ಲಿರುವ ನೀರಾವಿ ಅಷ್ಟೇ ಇರುತ್ತದೆ, ಆದರೆ ಅದು ಹೊರಬಲ್ಲ ಆವಿಯ ಪ್ರಮಾಣ ಆರು ಪಟ್ಟಿಗೂ ಮಿಗಿಲಾಗುತ್ತದೆ. ಸಾಪೇಕ್ಷ ಆರ್ದ್ರತೆ ಶೇ 11ರ ಆಸುಪಾಸಿಗೆ ಕುಸಿಯುತ್ತದೆ. ಯಂತ್ರದ ಗುಟ್ಟು ಇಷ್ಟೇ: ಬಾಯಾರಿದ ಗಾಳಿಯನ್ನು ತಯಾರಿಸುವುದು, ನೀರು ಕುಡಿದ ಗಾಳಿಯನ್ನು ಫ್ಯಾನಿನಿಂದ ಹೊರಗೆ ದಬ್ಬುವುದು. ಫ್ಯಾನ್ ಇಲ್ಲದ ಯಂತ್ರ ಅಗ್ಗವಾಗಿ ಸಿಕ್ಕರೂ ನಾನು ಕೊಳ್ಳಲಾರೆ. ಫ್ಯಾನ್ ಹಿಂಬದಿಯಲ್ಲಿರುವ ಯಂತ್ರದಲ್ಲಿ ಎಲ್ಲ ತಟ್ಟೆಗಳಿಗೂ ಹೆಚ್ಚುಕಡಿಮೆ ಸಮನಾಗಿ ಗಾಳಿ ತಗಲುತ್ತದೆ. ಒಂದರ ಮೇಲೊಂದು ತಟ್ಟೆ ಪೇರಿಸಿ ಕೆಳಗಿನಿಂದಲೋ ಮೇಲಿನಿಂದಲೋ ಊದುವ ಯಂತ್ರದಲ್ಲಿ ಫ್ಯಾನಿನ ಹತ್ತಿರದ್ದು ಮೊದಲು ಒಣಗುತ್ತದೆ. ಎರಡು ಗಂಟೆಗೊಮ್ಮೆ ತಟ್ಟೆಗಳ ಜಾಗ ಬದಲಿಸಬೇಕು.

ಎರಡು ಘಟ್ಟಗಳು

ಮೊದಲ ಘಟ್ಟದಲ್ಲಿ ಹೋಳಿನ ಮೈ ಒದ್ದೆಯಾಗಿರುತ್ತದೆ. ಆವಿಯಾಗುವ ನೀರು ಹೋಳನ್ನು ತಂಪಾಗಿಡುವುದರಿಂದ 60 ಡಿಗ್ರಿಯ ಗಾಳಿಯಲ್ಲೂ ಹೋಳು ಅಷ್ಟು ಬಿಸಿಯೇರುವುದಿಲ್ಲ. ಎರಡನೆಯ ಘಟ್ಟದಲ್ಲಿ ಒಳಗಿನ ನೀರು ನಡೆದುಕೊಂಡು ಹೊರಗೆ ಬರಬೇಕು, ಆ ನಡಿಗೆ ನಿಧಾನ. ಗಾಳಿ ಅತಿ ಬಿಸಿಯಾಗಿದ್ದರೆ ಮೈ ಬೇಗ ಒಣಗಿ ಸಿಪ್ಪೆಗಟ್ಟುತ್ತದೆ, ಒಳಗಿನ ನೀರಿಗೆ ದಾರಿ ಮುಚ್ಚುತ್ತದೆ. ಕೇಸ್ ಹಾರ್ಡನಿಂಗ್ ಎನ್ನುವುದು ಇದಕ್ಕೇ. ನನ್ನ ಸೇಬು ಹೊರಗೆ ಗಟ್ಟಿ, ಒಳಗೆ ಹಸಿ ಆದದ್ದು ಹೀಗೆ. ಈಗ ಹಣ್ಣಿಗೆ 57ರಿಂದ 60 ಡಿಗ್ರಿ, ತರಕಾರಿಗೆ 52ರಿಂದ 57, ಸೊಪ್ಪಿನಂಥ ಎಲೆಗಳಿಗೆ 35ರಿಂದ 43 ಇಡುತ್ತೇನೆ.

ದಪ್ಪದ ಲೆಕ್ಕವೂ ಇಲ್ಲೇ ಬರುತ್ತದೆ. ಎರಡನೆಯ ಘಟ್ಟದ ಅವಧಿ ದಪ್ಪದ ವರ್ಗಕ್ಕೆ ಹತ್ತಿರಹತ್ತಿರ ಅನುಗುಣವಾಗಿ ಏರುತ್ತದೆ. 3 ಮಿಲಿಮೀಟರ್ ಹೋಳಿಗಿಂತ 6 ಮಿಲಿಮೀಟರ್ ಹೋಳಿಗೆ ಎರಡು ಪಟ್ಟಲ್ಲ, ಲೆಕ್ಕದ ಪ್ರಕಾರ ನಾಲ್ಕು ಪಟ್ಟು ಹೊತ್ತು ಬೇಕು. ತೆಳ್ಳಗೆ ಹೆಚ್ಚುವುದಕ್ಕಿಂತಲೂ ಎಲ್ಲವನ್ನೂ ಒಂದೇ ದಪ್ಪಕ್ಕೆ ಹೆಚ್ಚುವುದು ಮುಖ್ಯ. ಒಂದು ದಪ್ಪ ಹೋಳು ಡಬ್ಬಿಯನ್ನೆಲ್ಲ ಕೆಡಿಸಬಲ್ಲದು.

ತಕ್ಕಡಿಯ ಲೆಕ್ಕ

ಒಣಗುವಾಗ ಹೋಗುವುದು ನೀರು ಮಾತ್ರ, ಗಟ್ಟಿ ಅಂಶ ಉಳಿಯುತ್ತದೆ ಎಂದು ಹಿಡಿದರೆ ಕೊನೆಯ ತೂಕವನ್ನು ಮೊದಲೇ ಹೇಳಬಹುದು. ಸೇಬಿನಲ್ಲಿ ಸುಮಾರು ಶೇ 86 ನೀರು. ತಿರುಳಿನ ಹೋಳು 600 ಗ್ರಾಂ ಇದ್ದರೆ ಗಟ್ಟಿ ಅಂಶ 84 ಗ್ರಾಂ. ಕೊನೆಗೆ ಈ 84 ಗ್ರಾಂ ಒಟ್ಟು ತೂಕದ ಶೇ 80 ಆಗಬೇಕು. 84ನ್ನು 0.8ರಿಂದ ಭಾಗಿಸಿದರೆ 105. ತಕ್ಕಡಿ 105 ಗ್ರಾಂ ತೋರಿಸುವವರೆಗೆ ಯಂತ್ರ ಓಡಬೇಕು.

ಎರಡನೆಯ ಪ್ರಯತ್ನದಲ್ಲಿ ನಾನು ಬರೆದಿಟ್ಟ ತೂಕಗಳು ಇವು: ನಾಲ್ಕು ಗಂಟೆಗೆ 255, ಆರಕ್ಕೆ 160, ಎಂಟಕ್ಕೆ 114, ಹತ್ತಕ್ಕೆ 105. ಮೊದಲ ನಾಲ್ಕು ಗಂಟೆಯಲ್ಲಿ 345 ಗ್ರಾಂ ನೀರು ಓಡಿಹೋಯಿತು, ಕೊನೆಯ ಎರಡು ಗಂಟೆಯಲ್ಲಿ ಬರೀ 9. ಆ 9 ಗ್ರಾಮಿಗಾಗಿ ಎರಡು ಗಂಟೆ ಕಾಯುವುದು ದಂಡ ಎನಿಸುತ್ತದೆ, ನಿಜ. ಆದರೆ 114 ಗ್ರಾಂ ಇದ್ದಾಗ ತೇವಾಂಶ ಸರಾಸರಿ ಶೇ 26, ದಪ್ಪ ಹೋಳುಗಳಲ್ಲಿ ಇನ್ನೂ ಹೆಚ್ಚು. ಬೂಷ್ಟು ಕಾದು ಕುಳಿತಿರುವುದು ಅಲ್ಲಿಯೇ.

ಇದೇ ಲೆಕ್ಕದಲ್ಲಿ ಒಂದು ಕಿಲೋ ಕ್ಯಾರೆಟ್ (ನೀರು ಶೇ 88) ಶೇ 10 ತೇವಾಂಶಕ್ಕೆ ಇಳಿದಾಗ 133 ಗ್ರಾಂ ಆಗುತ್ತದೆ. ಒಂದು ಕಿಲೋ ಟೊಮೆಟೊ (ಶೇ 95) ಕೈಗೆ ಕೊಡುವುದು 56 ಗ್ರಾಂ ಅಷ್ಟೇ. ತಟ್ಟೆ ತುಂಬಾ ಹರಡಿದ್ದು ಒಂದು ಹಿಡಿಯಾಗುವುದನ್ನು ನೋಡಿ ಮೊದಲ ಸಲ ಯಾರಿಗೂ ಸಂಕಟವಾಗುತ್ತದೆ. ನೀರಿನ ಪ್ರಮಾಣ ತಳಿ ಮತ್ತು ಮಾಗುವಿಕೆಗೆ ತಕ್ಕಂತೆ ಬದಲಾಗುವುದರಿಂದ ತೂಕದ ಜೊತೆ ಕೈಪರೀಕ್ಷೆಯೂ ಇರಲಿ. ಒಂದು ಹೋಳನ್ನು ಪೂರ್ತಿ ಆರಲು ಬಿಟ್ಟು, ಮುರಿದು, ಮುರಿದಲ್ಲಿ ಒತ್ತಿ ನೋಡಿ. ನೀರಿನ ಮಣಿ ಮೂಡಬಾರದು. ಬಿಸಿಯಾಗಿರುವಾಗ ಪರೀಕ್ಷಿಸಿದರೆ ಇರುವುದಕ್ಕಿಂತ ಮೆತ್ತಗೆ ಅನ್ನಿಸಿ ದಾರಿ ತಪ್ಪುತ್ತದೆ.

ಒಣಗಿಸುವ ಮುನ್ನ

ಕ್ಯಾರೆಟ್, ಬೀನ್ಸ್, ಆಲೂಗಡ್ಡೆಯಂಥವನ್ನು ಕುದಿಯುವ ನೀರಿನಲ್ಲಿ ಅಥವಾ ಹಬೆಯಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆಯಬೇಕು. ಇಲ್ಲದಿದ್ದರೆ ಅವುಗಳೊಳಗಿನ ಕಿಣ್ವಗಳು ಡಬ್ಬಿಯಲ್ಲೂ ಕೆಲಸ ಮುಂದುವರಿಸಿ ಬಣ್ಣ, ರುಚಿ ಕೆಡಿಸುತ್ತವೆ. ಕ್ಯಾರೆಟ್‌ಗೆ ಮೂರು ನಾಲ್ಕು ನಿಮಿಷ, ಬೀನ್ಸ್‌ಗೆ ಎರಡು ಎರಡೂವರೆ ಸಾಕು. ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ, ಅಣಬೆ, ದೊಣ್ಣೆಮೆಣಸಿನಕಾಯಿಗಳಿಗೆ ಇದು ಬೇಡ. ಸೇಬು, ಬಾಳೆಹಣ್ಣು ಕಪ್ಪಾಗುವುದೂ ಕಿಣ್ವದ ಕೆಲಸವೇ. ಎರಡು ಕಪ್ ನೀರಿಗೆ ಒಂದು ಚಮಚ ವಿಟಮಿನ್ ಸಿ ಪುಡಿ ಬೆರೆಸಿ ಮೂರರಿಂದ ಐದು ನಿಮಿಷ ನೆನೆಸಿದರೆ ಕಡಿಮೆಯಾಗುತ್ತದೆ. ನಿಂಬೆರಸವೂ ನಡೆಯುತ್ತದೆ, ಹುಳಿ ಮಾತ್ರ ನಾಲಿಗೆಗೆ ತಿಳಿಯುತ್ತದೆ. ಇಡೀ ದ್ರಾಕ್ಷಿಯ ಸಿಪ್ಪೆಯ ಮೇಲೆ ಮೇಣದ ಪದರವಿದ್ದು ನೀರನ್ನು ಬಿಡುವುದಿಲ್ಲ. ಅರ್ಧ ನಿಮಿಷದಿಂದ ಒಂದು ನಿಮಿಷ ಕುದಿಯುವ ನೀರಿನಲ್ಲಿ ಅದ್ದಿ, ತಣ್ಣೀರಿಗೆ ಹಾಕಿದರೆ ಸಿಪ್ಪೆ ಸಣ್ಣಗೆ ಬಿರಿಯುತ್ತದೆ. ಬೆಣ್ಣೆಹಣ್ಣನ್ನು ಒಣಗಿಸಲು ಹೋಗಬೇಡಿ, ಕೊಬ್ಬು ಕಮಟಾಗುತ್ತದೆ.

ಒಣಗಿಸಿದ ಮೇಲೆ

ನಾನು ಬಿಟ್ಟುಬಿಟ್ಟಿದ್ದ ಮೆಟ್ಟಿಲು ಇದು. ಎಷ್ಟೇ ಎಚ್ಚರ ವಹಿಸಿದರೂ ಒಂದು ತಟ್ಟೆಯ ಹಣ್ಣಿನ ಹೋಳುಗಳೆಲ್ಲ ಒಂದೇ ಮಟ್ಟಕ್ಕೆ ಒಣಗಿರುವುದಿಲ್ಲ. ಆರಿದ ಹಣ್ಣನ್ನು ಗಾಜಿನ ಡಬ್ಬಿಯ ಮೂರನೇ ಎರಡು ಭಾಗಕ್ಕೆ ಸಡಿಲವಾಗಿ ತುಂಬಿ, ಮುಚ್ಚಿ, ಏಳರಿಂದ ಹತ್ತು ದಿನ ದಿನಕ್ಕೊಮ್ಮೆ ಅಲುಗಾಡಿಸಬೇಕು. ಹಸಿ ಹೋಳಿನ ನೀರನ್ನು ಒಣ ಹೋಳು ಹೀರಿಕೊಂಡು ಎಲ್ಲವೂ ಸಮವಾಗುತ್ತವೆ. ಗಾಜಿನ ಒಳಮೈಯಲ್ಲಿ ಹನಿ ಕಂಡರೆ ಬೂಷ್ಟು ಹಿಡಿಯುವ ಮೊದಲೇ ಮತ್ತೆ ಯಂತ್ರಕ್ಕೆ. ಬೂಷ್ಟು ಕಂಡರೆ ಆರಿಸಿ ಉಳಿಸಿಕೊಳ್ಳುವ ಆಸೆ ಬೇಡ, ಡಬ್ಬಿಯಷ್ಟನ್ನೂ ಎಸೆಯಿರಿ.

ಮುಂದೆ ಕೆಡಿಸುವುದು ಬಿಸಿ, ಬೆಳಕು, ತೇವ. ಸುಮಾರು 15 ಡಿಗ್ರಿಯಲ್ಲಿ ಒಂದು ವರ್ಷ ಚೆನ್ನಾಗಿರುವ ಒಣಹಣ್ಣು 27 ಡಿಗ್ರಿಯಲ್ಲಿ ಆರು ತಿಂಗಳು ಇರುತ್ತದೆ, ತರಕಾರಿ ಅದರ ಅರ್ಧ. ದೊಡ್ಡ ಡಬ್ಬಿಯೊಂದರ ಬದಲು ಸಣ್ಣ ಡಬ್ಬಿ ನಾಲ್ಕು ಇಡುತ್ತೇನೆ, ಮುಚ್ಚಳ ತೆರೆದಷ್ಟು ಸಲವೂ ಹೊರಗಿನ ತೇವ ಒಳಗೆ ಹೋಗುವುದರಿಂದ. ಪ್ರತಿ ಡಬ್ಬಿಯ ಮೇಲೆ ಚೀಟಿ: ದಿನಾಂಕ, ಹಸಿ ತೂಕ, ಒಣ ತೂಕ.