ಇಂಧನ ತೆರಿಗೆ: ಹಳೆಯ ಕಾರಿನ ಟ್ಯಾಂಕಿಗೆ ಬೀಳುವ ಪೆಟ್ರೋಲಿನ ಲೆಕ್ಕ

ಇಂಧನ ತೆರಿಗೆ ಎಂದು ಒಟ್ಟಾಗಿ ಕರೆಯುವುದು ರೂಢಿಯಲ್ಲಿದ್ದರೂ ಅದು ಒಂದೇ ತೆರಿಗೆಯಲ್ಲ. ಪೆಟ್ರೋಲ್ ಬಂಕಿನಲ್ಲಿ ನಾವು ಕೊಡುವ ಲೀಟರಿನ ದರದೊಳಗೆ ಕೇಂದ್ರ ಸರ್ಕಾರದ ಅಬಕಾರಿ ಸುಂಕವೂ ರಾಜ್ಯ ಸರ್ಕಾರದ ಮಾರಾಟ ತೆರಿಗೆಯೂ ಸೇರಿರುತ್ತವೆ. ಮೊದಲನೆಯದು ಲೀಟರಿಗೆ ಇಂತಿಷ್ಟು ರೂಪಾಯಿ ಎಂದು ನಿಗದಿಯಾಗಿರುತ್ತದೆ, ಎರಡನೆಯದು ಬೆಲೆಯ ಮೇಲೆ ಶೇಕಡಾವಾರು ಲೆಕ್ಕದಲ್ಲಿ ಬೀಳುತ್ತದೆ. ಹಳೆಯ ಅಂಬಾಸಿಡರನ್ನೋ ಪ್ರೀಮಿಯರ್ ಪದ್ಮಿನಿಯನ್ನೋ ಜತನದಿಂದ ಇಟ್ಟುಕೊಂಡವರು ಪೆಟ್ರೋಲ್ ದುಬಾರಿಯಾಯಿತೆಂದು ಹೇಳುವಾಗ ಅವರಿಗೆ ನಿಜವಾಗಿ ಹೊರೆಯಾಗಿರುವುದು ಯಾವುದು ಎಂಬುದನ್ನು ತಿಳಿಯಲು ಈ ವ್ಯತ್ಯಾಸದಿಂದಲೇ ಆರಂಭಿಸಬೇಕು.

ಕೇಂದ್ರದ ಸುಂಕವನ್ನು ಬಿಡಿಸಿ ನೋಡಿದರೆ ಅದರಲ್ಲಿ ನಾಲ್ಕು ಭಾಗಗಳಿವೆ. 2025ರ ಏಪ್ರಿಲ್‌ನಲ್ಲಿ 2 ರೂಪಾಯಿ ಏರಿಸಿದ ನಂತರದ ಲೆಕ್ಕದಂತೆ, ಸಾಮಾನ್ಯ ಪೆಟ್ರೋಲಿನ ಒಂದು ಲೀಟರಿಗೆ ಮೂಲ ಅಬಕಾರಿ ಸುಂಕ 1.40 ರೂಪಾಯಿ, ವಿಶೇಷ ಹೆಚ್ಚುವರಿ ಸುಂಕ 13 ರೂಪಾಯಿ, ರಸ್ತೆ ಮತ್ತು ಮೂಲಸೌಕರ್ಯ ಸೆಸ್ 5 ರೂಪಾಯಿ, ಕೃಷಿ ಮೂಲಸೌಕರ್ಯ ಸೆಸ್ 2.50 ರೂಪಾಯಿ, ಒಟ್ಟು 21.90 ರೂಪಾಯಿ ಇತ್ತು. ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ಮೊತ್ತಕ್ಕೆ ಸೇರುವುದು ಇದರಲ್ಲಿ ಆ 1.40 ರೂಪಾಯಿ ಮಾತ್ರ. ಸೆಸ್‌ಗಳೂ ಸರ್‌ಚಾರ್ಜ್ ಎನಿಸಿದ ವಿಶೇಷ ಹೆಚ್ಚುವರಿ ಸುಂಕವೂ ಪೂರ್ತಿಯಾಗಿ ಕೇಂದ್ರದ ಬೊಕ್ಕಸದಲ್ಲೇ ಉಳಿಯುತ್ತವೆ. ಹಾಗಾಗಿ ಪೆಟ್ರೋಲಿನಿಂದ ರಾಜ್ಯಗಳಿಗೆ ಮುಖ್ಯವಾಗಿ ಸಿಗುವುದು ತಮ್ಮದೇ ಮಾರಾಟ ತೆರಿಗೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಪೆಟ್ರೋಲನ್ನು ಅದರಿಂದ ಹೊರಗಿಟ್ಟದ್ದೇಕೆ, ಇಂದಿಗೂ ಯಾವ ಪಕ್ಷ ಆಳುವ ರಾಜ್ಯವೂ ಅದನ್ನು ಒಳಗೆ ತರಲು ಉತ್ಸಾಹ ತೋರದಿರುವುದೇಕೆ ಎಂಬುದಕ್ಕೆ ಈ ಹಂಚಿಕೆಯ ಲೆಕ್ಕದಲ್ಲಿ ಬಹುಪಾಲು ಉತ್ತರವಿದೆ.

ಕರ್ನಾಟಕದಲ್ಲಿ 2021ರ ನವೆಂಬರ್‌ನಲ್ಲಿ ಶೇ 25.92ಕ್ಕೆ ಇಳಿದಿದ್ದ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇ 29.84ಕ್ಕೆ ಏರಿಸಲಾಯಿತು, ಬೆಂಗಳೂರಿನಲ್ಲಿ ನೂರರ ಆಸುಪಾಸಿನಲ್ಲಿದ್ದ ಪೆಟ್ರೋಲ್ ಒಮ್ಮೆಗೇ ಸುಮಾರು 3 ರೂಪಾಯಿ ಏರಿ 103ರ ಹತ್ತಿರ ಬಂತು. ಇಲ್ಲಿ ಗಮನಿಸಬೇಕಾದದ್ದು ದರದ ಏರಿಕೆಗಿಂತಲೂ ಲೆಕ್ಕದ ಕ್ರಮ. ರಾಜ್ಯದ ತೆರಿಗೆ ಬೀಳುವುದು ಕೇವಲ ಎಣ್ಣೆಯ ಬೆಲೆಯ ಮೇಲಲ್ಲ, ಕೇಂದ್ರದ ಸುಂಕವೂ ಸೇರಿದ ಬೆಲೆಯ ಮೇಲೆ. 21.90 ರೂಪಾಯಿಯ ಸುಂಕದ ಮೇಲೆ ಶೇ 29.84 ಎಂದರೆ ಆರೂವರೆ ರೂಪಾಯಿ. ಅಂದರೆ ಆ ದರದಲ್ಲಿ ಪ್ರತಿ ಲೀಟರಿನಲ್ಲೂ ಅಷ್ಟು ಹಣವನ್ನು ನಾವು ತೆರಿಗೆಯ ಮೇಲಿನ ತೆರಿಗೆಯಾಗಿ ಕೊಡುತ್ತೇವೆ. 2022ರ ಮೇ ತಿಂಗಳಲ್ಲಿ ಅಬಕಾರಿ ಸುಂಕವನ್ನು 8 ರೂಪಾಯಿ ಇಳಿಸಿದಾಗ, ಪೆಟ್ರೋಲ್ ಬೆಲೆ ಒಂಬತ್ತೂವರೆ ರೂಪಾಯಿ ಕಡಿಮೆಯಾಗಲಿದೆ ಎಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಪ್ರಕಟಿಸಿದ್ದರು. ಸುಂಕ ಇಳಿದರೆ ಅದರ ಮೇಲಿನ ರಾಜ್ಯದ ಪಾಲೂ ತಾನಾಗಿ ಇಳಿಯುತ್ತದೆ ಎಂಬುದೇ ಆ ಹೆಚ್ಚುವರಿ ಒಂದೂವರೆ ರೂಪಾಯಿಯ ಮರ್ಮ. ಏರುವಾಗಲೂ ಇದೇ ನಿಯಮ.

ಈ ಎರಡೂ ತೆರಿಗೆಗಳನ್ನು ಕೂಡಿಸಿದರೆ 103 ರೂಪಾಯಿಯ ಲೀಟರಿನಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಪಾಲು ತೆರಿಗೆಯೇ ಆಗುತ್ತದೆ. ಲೀಟರಿಗೆ 20 ಕಿಲೋಮೀಟರ್ ಕೊಡುವ ಇಂದಿನ ಸಣ್ಣ ಕಾರಿಗೆ ಕಿಲೋಮೀಟರಿಗೆ ಎರಡು ಚಿಲ್ಲರೆ ರೂಪಾಯಿ ತೆರಿಗೆ ಬಿದ್ದರೆ, ಹತ್ತೇ ಕಿಲೋಮೀಟರ್ ಓಡುವ ಅಂಬಾಸಿಡರ್‌ಗೆ ಅದರ ಇಮ್ಮಡಿ ಬೀಳುತ್ತದೆ. ಇದನ್ನು ಅನ್ಯಾಯವೆಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ವರ್ಷಕ್ಕೆ ಐನೂರು ಕಿಲೋಮೀಟರ್ ಮಾತ್ರ ಓಡುವ ಕಾರು ಕುಡಿಯುವುದು ಐವತ್ತು ಲೀಟರು. ಅದರ ತೆರಿಗೆ ಎರಡು ಸಾವಿರದ ಚಿಲ್ಲರೆ. ಒಂದು ಕಾರ್ಬ್ಯುರೇಟರನ್ನು ಬಿಚ್ಚಿ ಸರಿಪಡಿಸುವ ಖರ್ಚಿನ ಮುಂದೆ ಇದು ದೊಡ್ಡ ಮೊತ್ತವೇನಲ್ಲ. ಓಡಿಸಿದಷ್ಟಕ್ಕೆ ಮಾತ್ರ ತೆರುವ ಈ ಪದ್ಧತಿ, ಹೆಚ್ಚು ಕಾಲ ಶೆಡ್ಡಿನಲ್ಲೇ ನಿಲ್ಲುವ ವಾಹನಕ್ಕೆ ವಾಸ್ತವವಾಗಿ ಅನುಕೂಲಕರವಾದದ್ದು.

ಹಾಗಿದ್ದರೆ ಹಳೆಯ ಕಾರಿಗೆ ಕಾನೂನಿನಲ್ಲಿ ವಿಶೇಷ ಸ್ಥಾನ ಇಲ್ಲವೇ ಎಂದರೆ, ಇದೆ. ಆದರೆ ಅದು ಬಂಕಿನ ತನಕ ಬರುವುದಿಲ್ಲ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ ಮತ್ತು ಎಂಜಿನ್ ಮೂಲ ಸ್ವರೂಪದಲ್ಲೇ ಉಳಿದಿರುವ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಫಲಕದ ಮೇಲೆ ರಾಜ್ಯದ ಸಂಕೇತದ ನಂತರ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಇಂಥ ವಾಹನವನ್ನು ದಿನನಿತ್ಯದ ಓಡಾಟಕ್ಕಾಗಲೀ ಬಾಡಿಗೆಗಾಗಲೀ ಬಳಸುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ದುರಸ್ತಿ ಮತ್ತು ಇಂಧನ ತುಂಬಿಸಿಕೊಳ್ಳಲು ಮಾತ್ರ ರಸ್ತೆಗೆ ಇಳಿಸಬಹುದು. ಪೆಟ್ರೋಲ್ ಹಾಕಿಸಲು ಹೋಗುವುದನ್ನೂ ಹೆಸರಿಸಿ ಅನುಮತಿಸಿದ ನಿಯಮವು ಆ ಪೆಟ್ರೋಲಿನ ತೆರಿಗೆಯ ವಿಷಯದಲ್ಲಿ ಮೌನವಾಗಿದೆ. ಬ್ರಿಟನ್ನಿನಲ್ಲೂ ಸ್ಥಿತಿ ಹೆಚ್ಚು ಭಿನ್ನವಲ್ಲ: 40 ವರ್ಷ ದಾಟಿದ ಕಾರಿಗೆ ಅಲ್ಲಿ ವಾರ್ಷಿಕ ವಾಹನ ತೆರಿಗೆಯಿಂದ ವಿನಾಯಿತಿ ಉಂಟು, ಇಂಧನ ಸುಂಕದಿಂದ ಇಲ್ಲ. ಕಾರಿನ ತೆರಿಗೆಯನ್ನು ಜೀವಾವಧಿಗೆ ಒಮ್ಮೆಗೇ ಕಟ್ಟಿಸಿಕೊಳ್ಳುವ ಕರ್ನಾಟಕದಲ್ಲಿ ಆ ಬಗೆಯ ವಾರ್ಷಿಕ ವಿನಾಯಿತಿಗೆ ಅರ್ಥವೂ ಇರದು.

ಹಳೆಯ ಕಾರಿನವರ ನಿಜವಾದ ಇಕ್ಕಟ್ಟು ಎಥನಾಲ್ ಬೆರೆತ ಪೆಟ್ರೋಲಿನಿಂದ ಹುಟ್ಟಿದೆ, ಮತ್ತು ಅದೂ ಒಂದು ಬಗೆಯಲ್ಲಿ ತೆರಿಗೆಯ ವಿಷಯವೇ. ಈಗ ದೇಶದ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇ 20ರಷ್ಟು ಎಥನಾಲ್ ಇರುವ ಇ20. ಎಥನಾಲ್ ನೀರಿನ ಅಂಶವನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ಕಬ್ಬಿಣದ ಟ್ಯಾಂಕಿನಲ್ಲಿ ಅದು ತುಕ್ಕಿಗೆ ದಾರಿ ಮಾಡುತ್ತದೆ, ಹಳೆಯ ರಬ್ಬರ್ ಪೈಪು ಮತ್ತು ಗ್ಯಾಸ್ಕೆಟ್‌ಗಳನ್ನು ಮೆತ್ತಗಾಗಿಸುತ್ತದೆ. ಇದಲ್ಲದೆ, ಅಷ್ಟೇ ಅಳತೆಯ ಪೆಟ್ರೋಲಿಗೆ ಹೋಲಿಸಿದರೆ ಎಥನಾಲಿನಲ್ಲಿ ಶಕ್ತಿಯ ಪ್ರಮಾಣ ಸುಮಾರು ಮೂರರಲ್ಲೊಂದು ಪಾಲು ಕಡಿಮೆ. ಎಥನಾಲ್ ಇಲ್ಲದ ಇಂಧನಕ್ಕೆಂದು ರೂಪಿಸಿ ಶೇ 10ರಷ್ಟು ಎಥನಾಲಿನ ಇ10ಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಇ20 ಬಳಸಿದರೆ ಇಂಧನ ದಕ್ಷತೆ ಶೇ 6ರಿಂದ 7ರಷ್ಟು ಕುಸಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಕೇಂದ್ರದ ಸುಂಕ ನಿಗದಿಯಾಗಿರುವುದು ಲೀಟರಿಗೆ, ಲೀಟರಿನಲ್ಲಿರುವ ಶಕ್ತಿಗಲ್ಲ. ಆದ್ದರಿಂದ ಸುಂಕದ ದರ ಒಂದು ಪೈಸೆಯೂ ಏರದಿದ್ದರೂ, ಅದೇ ದೂರಕ್ಕೆ ಹೆಚ್ಚು ಲೀಟರು ಸುಡುವ ಕಾರಿನವರು ಹೆಚ್ಚು ಸುಂಕ ತೆರುತ್ತಾರೆ.

ಎಥನಾಲ್ ಬೆರೆಸದ ಪೆಟ್ರೋಲನ್ನು ಹಳೆಯ ವಾಹನಗಳಿಗೆಂದು ಪ್ರತ್ಯೇಕವಾಗಿ ಮಾರಬೇಕೆಂಬ ಬೇಡಿಕೆ ಇದರಿಂದಲೇ ಹುಟ್ಟಿಕೊಂಡದ್ದು, ನ್ಯಾಯವಾದ ಬೇಡಿಕೆ. ಆದರೆ ಅದಕ್ಕೂ ತೆರಿಗೆಯ ಗೋಡೆ ಅಡ್ಡ ನಿಂತಿದೆ. ಮಿಶ್ರಣವನ್ನು ಉತ್ತೇಜಿಸುವ ಸಲುವಾಗಿ, ಬೆರೆಸದ ಇಂಧನದ ಮೇಲೆ ಲೀಟರಿಗೆ 2 ರೂಪಾಯಿ ಹೆಚ್ಚುವರಿ ಅಬಕಾರಿ ಸುಂಕ ವಿಧಿಸುವುದಾಗಿ 2022ರ ಬಜೆಟ್ಟಿನಲ್ಲಿ ಪ್ರಕಟಿಸಲಾಗಿತ್ತು. ಕಂಪನಿಗಳು ಬೇರೆ ಹೆಸರಿಟ್ಟು ಮಾರುವ ಪ್ರೀಮಿಯಂ ಪೆಟ್ರೋಲಿಗೂ ಮೂಲ ಸುಂಕ 1.40 ರೂಪಾಯಿಯ ಬದಲು 2.60 ರೂಪಾಯಿ ಇದೆ, ಮತ್ತು ಎಂದಿನಂತೆ ಆ ಹೆಚ್ಚಳದ ಮೇಲೂ ರಾಜ್ಯದ ಶೇಕಡಾವಾರು ತೆರಿಗೆ ಕೂಡಿಕೊಳ್ಳುತ್ತದೆ. ವಿಎ ಫಲಕದ ವಾಹನಗಳಿಗೆ ರಿಯಾಯಿತಿ ಕೇಳುವುದಾದರೆ ಒಟ್ಟು ಇಂಧನ ತೆರಿಗೆಯಲ್ಲಿ ಕಡಿತ ಕೇಳುವುದಕ್ಕಿಂತ, ಬೆರೆಸದ ಪೆಟ್ರೋಲಿನ ಮೇಲಿನ ಈ 2 ರೂಪಾಯಿಯ ದಂಡಸುಂಕವನ್ನಷ್ಟೇ ತೆಗೆಯಿರಿ ಎಂದು ಕೇಳುವುದು ಹೆಚ್ಚು ಸಮಂಜಸವೆನಿಸುತ್ತದೆ. ಅದರಿಂದ ಬೊಕ್ಕಸಕ್ಕಾಗುವ ನಷ್ಟವೂ ಲೆಕ್ಕಕ್ಕೆ ಸಿಗದಷ್ಟು ಚಿಕ್ಕದು.